ಕೆರೆಗೆ ಅಧ್ಯಕ್ಷರು ಬೇಕೋ, ನೀರಗಂಟಿ ಬೇಕೋ?

ಅಚ್ಚುಕಟ್ಟು_ಕೋಲಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೋಲಾರ ಸೀಮೆಯ ಒಂದು ಸಣ್ಣ ಕೆರೆಯ ವಿಚಾರ. ತುಂಬಿದಾಗ ನೀರು ನಿಲ್ಲುವ ಜಾಗ ಸುಮಾರು 25 ಎಕರೆ, ತೂಬಿನ (ಗದ್ದೆಗೆ ನೀರು ಬಿಡುವ ಬಾಗಿಲು) ಹತ್ತಿರ ಆಳ 3 ಮೀಟರ್, ಅಚ್ಚುಕಟ್ಟು (ಕೆರೆ ನೀರು ಹಾಯುವ ಭೂಮಿ) 60 ಎಕರೆ. ತೂಬು ಒಂದೇ. ಕೆರೆ ಬಳಕೆದಾರರ ಸಂಘ ಅಂತ ಒಂದಿದೆ. ಅಧ್ಯಕ್ಷರು, ಕಾರ್ಯದರ್ಶಿ, ನಿರ್ದೇಶಕರು ಎಲ್ಲರೂ ಇದ್ದಾರೆ. ಆದರೆ ತೂಬು ಯಾವತ್ತು ಎತ್ತಬೇಕು, ಎಷ್ಟು ಎಕರೆಗೆ ನೀರು ಬಿಡಬೇಕು ಅನ್ನೋದು ಆ ಸಲ ಯಾವ ಕಡೆಯವರು ಗೆದ್ದಿದ್ದಾರೆ ಅನ್ನೋದರ ಮೇಲೆ ನಿಂತಿದೆ. ತೂಬಿನ ಹತ್ತಿರದವರು ಭತ್ತ ನಾಟಿ ಮಾಡ್ತಾರೆ, ಕೊನೆಗದ್ದೆಯವರಿಗೆ ಫೆಬ್ರವರಿ ಹೊತ್ತಿಗೆ ಕಾಲುವೆ ಒಣಗಿರುತ್ತೆ. ಏರಿ (ಕೆರೆ ಕಟ್ಟೆ) ಮೇಲೆ ಜಾಲಿ ಬೆಳೆದಿದೆ, ಕಡಿಯುವವರಿಲ್ಲ.

ಈಗ ಊರಲ್ಲಿ ಒಂದು ಮಾತು ಹೊರಟಿದೆ. ಪದಾಧಿಕಾರಿಗಳ ಕೈಯಿಂದ ನೀರಿನ ಅಧಿಕಾರ ತೆಗೆದು, ಹಿಂದಿನ ನೀರಗಂಟಿ (ಕೆರೆ ಕಾದು ನೀರು ಹಂಚುತ್ತಿದ್ದವರು) ಪದ್ಧತಿಯ ಹಾಗೆ ಕೆರೆಯನ್ನು ನೋಡಿಕೊಳ್ಳುವವರ ಕೈಗೇ ಕೊಡೋಣ ಅಂತ. ಕೇಳೋದಕ್ಕೆ ಚೆನ್ನಾಗಿದೆ, ಮಾಡೋದು ಹೇಗೆ? ಮುಖ್ಯವಾಗಿ ಮೂರು ಪ್ರಶ್ನೆ. ಎಷ್ಟು ನೀರಿಗೆ ಎಷ್ಟು ಎಕರೆ ಅಂತ ಜಗಳ ಇಲ್ಲದೆ ತೀರ್ಮಾನ ಮಾಡೋದು ಹೇಗೆ? ಯಾರನ್ನು ನೇಮಿಸಬೇಕು, ಸಂಬಳ ಎಲ್ಲಿಂದ? ಮಳೆಗಾಲದಲ್ಲಿ ಏರಿಗೆ ಅಪಾಯ ಬಂದರೆ ಅವರು ಏನು ಮಾಡಬೇಕು? ಗೊತ್ತಿರುವವರು ಬಿಡಿಸಿ ಬರೆಯಿರಿ.

---

ತೂಬುಕಲ್ಲು ಬರೆದದ್ದು:

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಎರಡು ಅರ್ಧ ಹಗುರಾಗುತ್ತವೆ. ಎಷ್ಟು ಎಕರೆ ಎಂಬುದನ್ನು ಮನುಷ್ಯರು ಸಭೆಯಲ್ಲಿ ಕೂತು ತೀರ್ಮಾನಿಸುವವರೆಗೂ ದೊಡ್ಡ ದನಿಯವರೇ ಗೆಲ್ಲುತ್ತಾರೆ. ಅದನ್ನು ಅಳತೆಗಲ್ಲಿಗೆ ಬಿಡಬೇಕು. ಹಳೆಯ ನೀರಗಂಟಿಗಳು ತೂಬಿನ ಕಲ್ಲುಕಂಬದಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ಲೆಕ್ಕ ಹೇಳುತ್ತಿದ್ದದ್ದು ಇದನ್ನೇ.

ಕೋಲಾರದ ಕಡೆ ಕೆರೆ ತುಂಬಿಸುವುದು ಹಸ್ತ, ಚಿತ್ತ, ಸ್ವಾತಿ ಮಳೆ. ವಿಶಾಖ ಮುಗಿಯುವುದು ನವೆಂಬರ್ 20ರ ಸುಮಾರಿಗೆ. ಅಷ್ಟರಲ್ಲಿ ಬಂದ ನೀರೇ ಆ ವರ್ಷದ ಗಂಟು. ಆ ದಿನ ಎಲ್ಲರ ಎದುರು ಅಳತೆ ಓದಿ, ಕೆಳಗಿನ ಲೆಕ್ಕ ಮಾಡಿ.

ಸಣ್ಣ ಕೆರೆಯ ನೀರಿನ ಪ್ರಮಾಣಕ್ಕೆ ಒರಟು ಸೂತ್ರ: ನೀರು ನಿಂತ ವಿಸ್ತೀರ್ಣ × ಗರಿಷ್ಠ ಆಳ × 0.4. ನಿಮ್ಮ 25 ಎಕರೆ ಅಂದರೆ ಸುಮಾರು ಒಂದು ಲಕ್ಷ ಚದರ ಮೀಟರ್. ಆಳ 3 ಮೀಟರ್. ಹಾಗಾಗಿ ತುಂಬಿದ ಕೆರೆಯಲ್ಲಿ ಸುಮಾರು 1,20,000 ಘನ ಮೀಟರ್ ನೀರು. ಇದರಲ್ಲಿ ದನಕರು, ಮೀನು, ಅಂತರ್ಜಲಕ್ಕೆಂದು ತೂಬು ಮುಟ್ಟಬಾರದ ಭಾಗ 20,000 ಎಂದು ಮೊದಲೇ ಎತ್ತಿಡಿ. ಇದನ್ನು ಕೊನೆಗೆ ಉಳಿದರೆ ಇಡೋಣ ಎಂದರೆ ಎಂದೂ ಉಳಿಯುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ ಸರಾಸರಿ 5 ಮಿ.ಮೀ. ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ನೀರು ಇಳಿದಂತೆ ವಿಸ್ತೀರ್ಣವೂ ಕುಗ್ಗುವುದರಿಂದ ಸರಾಸರಿ 60,000 ಚದರ ಮೀಟರ್ ಹಿಡಿದರೆ 120 ದಿನಕ್ಕೆ 36,000 ಘನ ಮೀಟರ್ ಬಿಸಿಲಿಗೇ ಹೋಯಿತು. ಇಂಗುವುದಕ್ಕೆ 14,000 ಬಿಡಿ. ತೂಬಿನಿಂದ ಬಿಡಬಹುದಾದದ್ದು 50,000. ಮಣ್ಣಿನ ಕಾಲುವೆಯಲ್ಲಿ ಕಾಲು ಭಾಗ ನಷ್ಟ. ಗದ್ದೆಗೆ ಮುಟ್ಟುವುದು 37,500.

ಮಳೆ ಇಲ್ಲದ ಕಾಲದ ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕು, ಎಕರೆಗೆ ಹತ್ತಿರ ಹತ್ತಿರ 4,850 ಘನ ಮೀಟರ್. ಅಂದರೆ ಸುಮಾರು ಏಳೂಮುಕ್ಕಾಲು ಎಕರೆ. ಬೇಸಿಗೆ ರಾಗಿಗೆ 450 ಮಿ.ಮೀ. ಸಾಕು, ಎಕರೆಗೆ 1,820. ಅದೇ ನೀರಿನಲ್ಲಿ 20 ಎಕರೆ. ಈ ಎರಡು ಸಂಖ್ಯೆಗಳನ್ನು ಏರಿ ಮೇಲೆ ಒಂದು ಕಲ್ಲಿನಲ್ಲಿ ಬರೆಸಿಡಿ. ಕೆರೆ ಪೂರ್ತಿ ತುಂಬಿದ ವರ್ಷದಲ್ಲೂ 60 ಎಕರೆಗೆ ಹಿಂಗಾರು ಬೆಳೆಗೆ ನೀರಿಲ್ಲ ಎಂಬುದು ಊರಿಗೆಲ್ಲ ಕಾಣಬೇಕು. ಅಚ್ಚುಕಟ್ಟು 60 ಎಂದು ಕಡತದಲ್ಲಿರುವುದು ಮುಂಗಾರು ಮಳೆಯೂ ಸೇರಿದ ಲೆಕ್ಕ.

ಇನ್ನೊಂದು ಎಚ್ಚರ. ಆಳ ಅರ್ಧಕ್ಕೆ ಇಳಿದರೆ ನೀರು ಅರ್ಧ ಇದೆ ಎಂದು ಜನ ತಿಳಿಯುತ್ತಾರೆ. ಕೆರೆಯ ಅಂಗಳ ಬಟ್ಟಲಿನ ಹಾಗೆ ಇರುವುದರಿಂದ ಒಂದೂವರೆ ಮೀಟರ್ ಆಳದಲ್ಲಿ ಕಾಲು ಭಾಗ ನೀರೂ ಇರುವುದಿಲ್ಲ. ಜಗಳಗಳು ಹುಟ್ಟುವುದು ಹೆಚ್ಚಾಗಿ ಈ ತಪ್ಪು ಅಂದಾಜಿನಿಂದ.

20 ಎಕರೆಗೆ ಮಾತ್ರ ನೀರು ಇದೆ ಎಂದು ಗೊತ್ತಾದ ಮೇಲೆ ಹಂಚುವುದಕ್ಕೆ ಹಳೆಯ ಕ್ರಮ ದಮಾಷಾ. 60ರಲ್ಲಿ 20, ಅಂದರೆ ಮೂರನೇ ಒಂದು ಪಾಲು. ಮೂರು ಎಕರೆ ಇದ್ದವರಿಗೆ ಒಂದು ಎಕರೆ, ಮೂವತ್ತು ಗುಂಟೆ ಇದ್ದವರಿಗೆ ಹತ್ತು ಗುಂಟೆ. ಆ 20 ಎಕರೆಯೂ ತೂಬಿಗೆ ಹತ್ತಿರದ ಬಯಲಿನಲ್ಲೇ. ನೀರು ಕೊನೆಯವರೆಗೆ ಹರಿಯದೆ ಕಾಲುವೆ ನಷ್ಟ ಉಳಿಯುತ್ತದೆ, ಕೊನೆಗದ್ದೆಯವರಿಗೂ ಆ ಬೆಳೆಗೆ ಮೇಲ್ಗದ್ದೆಯಲ್ಲಿ ಪಾಲು ಸಿಗುತ್ತದೆ. 1974ರ ಭೂಸುಧಾರಣೆಯ ನಂತರ ಇದು ಬಹಳ ಕಡೆ ನಿಂತದ್ದಕ್ಕೆ ಒಂದು ಕಾರಣವಿದೆ: ಬೇರೆಯವರು ಒಂದು ಬೆಳೆ ತೆಗೆದರೂ ಗೇಣಿ ಹಕ್ಕು ಕೇಳುತ್ತಾರೇನೋ ಎಂಬ ಭಯ. ಆ ಭಯ ಇದ್ದಲ್ಲಿ ಭೂಮಿ ಬಿಟ್ಟುಕೊಡುವ ಮಾತು ಎತ್ತಬೇಡಿ. ಮೇಲ್ಗದ್ದೆಯ ಒಡೆಯರೇ ಉತ್ತಿ ಬಿತ್ತಲಿ. ಕೊನೆಗದ್ದೆಯವರು ಗೊಬ್ಬರ, ಕೂಲಿಯಲ್ಲಿ ಪಾಲು ಹಾಕಿ ಕಣದಲ್ಲಿ ರಾಗಿಯನ್ನು ಹಂಚಿಕೊಳ್ಳಲಿ.

ನೀರು ಬಿಡುವ ಗಂಟೆಯ ಲೆಕ್ಕ ಆಮೇಲೆ ಬರೆಯುತ್ತೇನೆ.

---

ಏರಿ_ಕಾವಲು ಬರೆದದ್ದು:

ಮೂರನೇ ಪ್ರಶ್ನೆಗೆ ನನ್ನ ಉತ್ತರ. ಏರಿಯ ವಿಚಾರದಲ್ಲಿ ಅಪ್ಪಣೆಗೆ ಕಾಯುವ ವ್ಯವಸ್ಥೆಯೇ ಅಪಾಯ. ರಾತ್ರಿ ಎರಡು ಗಂಟೆಗೆ ನೀರು ಜಿನುಗುವುದನ್ನು ಕಂಡವರು ಅಧ್ಯಕ್ಷರನ್ನು ಎಬ್ಬಿಸಿ, ಅವರು ಇಂಜಿನಿಯರಿಗೆ ಫೋನ್ ಮಾಡಿ, ಅವರು ಬೆಳಗ್ಗೆ ಬರುವಷ್ಟರಲ್ಲಿ ಏರಿ ಇರುವುದಿಲ್ಲ. ಕಂಡವರಿಗೇ ತೂಬು ಎತ್ತುವ ಅಧಿಕಾರ ಇರಬೇಕು, ಮೊದಲೇ ಬರೆದು ಕೊಟ್ಟಿರಬೇಕು.

ಏರಿಯ ಹಿಂಬದಿ, ಅಂದರೆ ಗದ್ದೆ ಕಡೆಯ ಇಳಿಜಾರನ್ನು ಮಳೆಗಾಲದಲ್ಲಿ ದಿನಾ ಬೆಳಗ್ಗೆ ನಡೆದು ನೋಡಬೇಕು. ಸುತ್ತ ಹುಲ್ಲು ಒಣಗಿದ್ದು ಒಂದು ಕಡೆ ಮಾತ್ರ ಹಸಿರಾಗಿದ್ದರೆ ಅಲ್ಲಿ ತೇವ ಬರುತ್ತಿದೆ. ಹೆಗ್ಗಣದ ಬಿಲ, ಏಡಿ ಬಿಲ, ಏರಿ ತಲೆಯಲ್ಲಿ ಸಣ್ಣ ಕುಸಿತ, ಇವನ್ನು ಗುರುತು ಹಾಕಿ ಅದೇ ವಾರ ಬಿಲವನ್ನು ಕೊನೆ ಸಿಗುವವರೆಗೆ ಅಗೆದು, ಜಿಗುಟು ಮಣ್ಣನ್ನು ಅರ್ಧ ಅಡಿಯಂತೆ ಹಾಕುತ್ತಾ ದಿಮ್ಮಸು ಹೊಡೆದು ತುಂಬಬೇಕು. ಬಾಯಿಗೆ ಮಾತ್ರ ಮಣ್ಣು ತುರುಕಿದರೆ ಒಳಗಿನ ಟೊಳ್ಳು ಹಾಗೇ ಇರುತ್ತದೆ. ತೂಬಿನ ಕಟ್ಟಡಕ್ಕೆ ತಾಗಿದ ಮಣ್ಣನ್ನು ಹೆಚ್ಚು ನಿಗಾ ಇಟ್ಟು ನೋಡಿ. ಕಲ್ಲು ಮತ್ತು ಮಣ್ಣು ಸೇರುವ ಜಾಗದಲ್ಲೇ ನೀರು ಮೊದಲು ದಾರಿ ಹುಡುಕುವುದು.

ಜಿನುಗು ಕಂಡರೆ ಮೊದಲು ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿ ನೀರಾದರೆ ಜಾಗಕ್ಕೆ ಗೂಟ ಹೊಡೆದು, ದಿನಾ ಎಷ್ಟು ಬರುತ್ತಿದೆ ಎಂದು ನೋಡಿದರೆ ಸದ್ಯಕ್ಕೆ ಸಾಕು. ಕದಡಿದ ನೀರಾದರೆ ಏರಿಯ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ, ಗಂಟೆಗಳ ಮಾತು. ಆಗ:

ತೂಬನ್ನು ಪೂರ್ತಿ ಎತ್ತಿ ನೀರಿನ ಮಟ್ಟ ಇಳಿಸಲು ಶುರು ಮಾಡಿ. ಕೆಳಗಿನ ಊರಿಗೆ, ಕೆಳಗಿನ ಕೆರೆಯವರಿಗೆ ಸುದ್ದಿ ಮುಟ್ಟಿಸಿ. ಹಿಂಬದಿಯಲ್ಲಿ ನೀರು ಬರುವ ಬಾಯಿಗೆ ಜೇಡಿಮಣ್ಣು ಹಾಕಿ ಮುಚ್ಚಬೇಡಿ. ಎಲ್ಲರೂ ಮೊದಲು ಮಾಡುವುದು ಇದನ್ನೇ, ಆದರೆ ಒತ್ತಡ ಒಳಗೇ ಕಟ್ಟಿಕೊಂಡು ಪಕ್ಕದಲ್ಲಿ ಇನ್ನೂ ದೊಡ್ಡದಾಗಿ ಒಡೆಯುತ್ತದೆ. ನೀರು ಹೊರಬರಲಿ, ಮಣ್ಣು ಬರಬಾರದು. ಅದಕ್ಕೆ ಬಾಯಿಯ ಮೇಲೆ ಸುತ್ತ ಒಂದು ಮೀಟರ್ ಅಗಲಕ್ಕೆ ಮೊದಲು ದಪ್ಪ ಮರಳು ಅರ್ಧ ಅಡಿ, ಅದರ ಮೇಲೆ ಸಣ್ಣ ಜಲ್ಲಿ ಅರ್ಧ ಅಡಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಕಲ್ಲು. ಈ ಕ್ರಮ ತಿರುಗಿಸಬಾರದು. ಕಲ್ಲನ್ನು ಮೊದಲು ಹಾಕಿದರೆ ಅದರ ಸಂದಿಯಲ್ಲೇ ಮಣ್ಣು ಹರಿದು ಹೋಗುತ್ತದೆ. ಮುಚ್ಚುವ ಕೆಲಸ ನೀರಿನ ಕಡೆಯಿಂದ: ಸುಳಿ ಕಾಣುವ ಜಾಗದಲ್ಲಿ ಟಾರ್ಪಾಲು ಇಳಿಬಿಟ್ಟು ಮೇಲೆ ಜಿಗುಟು ಮಣ್ಣು ತುಂಬಿದ ಚೀಲಗಳು. ಸುಳಿಯ ಹತ್ತಿರ ಯಾರೂ ನೀರಿಗೆ ಇಳಿಯಕೂಡದು. ಈ ಸಾಮಾನು ಮೇ ತಿಂಗಳಲ್ಲೇ ಏರಿ ಪಕ್ಕ ಇರಬೇಕು: ಎರಡು ಟ್ರಾಕ್ಟರ್ ಮರಳು, ಎರಡು ಬಗೆಯ ಜಲ್ಲಿ ಒಂದೊಂದು ಟ್ರಾಕ್ಟರ್, ಇನ್ನೂರು ಖಾಲಿ ಚೀಲ, ಟಾರ್ಪಾಲು, ಹಗ್ಗ, ಟಾರ್ಚು.

ಜಾಲಿ ಬಗ್ಗೆ. ಮಣಿಕಟ್ಟಿನ ದಪ್ಪಕ್ಕಿಂತ ಸಣ್ಣದಿದ್ದಾಗಲೇ ಬೇರು ಸಹಿತ ಕೀಳಿಸಿ, ಗುಳಿ ತುಂಬಿ ಬಡಿಯಿರಿ. ದೊಡ್ಡ ಮರವನ್ನು ಮಳೆಗಾಲದ ಹೊಸ್ತಿಲಲ್ಲಿ ಜೆಸಿಬಿಯಿಂದ ಕಿತ್ತರೆ ಏರಿಯೇ ಸಡಿಲವಾಗುತ್ತದೆ. ಕಡಿದು ಬಿಟ್ಟರೆ ಬೇರು ಕೆಲವು ವರ್ಷದಲ್ಲಿ ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಹಾಗಾಗಿ ದೊಡ್ಡ ಮರಗಳ ಕೆಲಸ ಕೆರೆ ಒಣಗಿದ ವರ್ಷದಲ್ಲಿ, ಬುಡ ಅಗೆದು ಪದರ ಪದರವಾಗಿ ಮಣ್ಣು ಬಡಿಯುವುದಕ್ಕೆ ಸಮಯ ಇದ್ದಾಗ.

ಹೆಚ್ಚಾದ ನೀರು ಹೊರಹೋಗುವ ಕೋಡಿಯಲ್ಲಿ ಎರಡು ಕಿಡಿಗೇಡಿತನ ನಡೆಯುತ್ತವೆ. ಹೆಚ್ಚು ನೀರು ನಿಲ್ಲಲಿ ಎಂದು ಅಚ್ಚುಕಟ್ಟಿನವರು ಕೋಡಿಗೆ ಚೀಲ ಅಡ್ಡ ಇಡುತ್ತಾರೆ. ಅಂಗಳದಲ್ಲಿ ಉಳುವವರು ನೀರು ತಮ್ಮ ಹೊಲಕ್ಕೆ ಏರದಿರಲಿ ಎಂದು ಕೋಡಿ ಕಲ್ಲು ಕೀಳುತ್ತಾರೆ. ಮೊದಲನೆಯದು ಏರಿಯನ್ನೇ ಕಳೆಯುತ್ತದೆ, ಏಕೆಂದರೆ ಕೋಡಿಗಿಂತ ಏರಿ ಒಂದು ಮೀಟರಾದರೂ ಎತ್ತರ ಇರುವುದು ದೊಡ್ಡ ಮಳೆಯ ದಿನ ಕೋಡಿ ಮೇಲೆ ಹರಿಯುವ ನೀರಿನ ದಪ್ಪಕ್ಕಾಗಿ. ಮೀನು ಹರಾಜು ಹಿಡಿದವರು ಕೋಡಿಗೆ ಕಟ್ಟುವ ಬಲೆಯೂ ಕಸ ಹಿಡಿದು ಚೀಲದ ಕೆಲಸವನ್ನೇ ಮಾಡುತ್ತದೆ. ಕೋಡಿ ಬೀಳುವ ದಿನಗಳಲ್ಲಿ ಬಲೆ ಬಿಚ್ಚಬೇಕು ಎಂದು ಹರಾಜಿನ ಷರತ್ತಿನಲ್ಲೇ ಬರೆಸಿ.

ಅಂದಹಾಗೆ, ನಿಮ್ಮ ಕೆರೆ ಕೆ.ಸಿ. ವ್ಯಾಲಿ (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ) ನೀರಿನ ಸಾಲಿನಲ್ಲಿದೆಯೇ? 2018ರಿಂದ ಬರುತ್ತಿರುವ ಆ ನೀರು ಅಂತರ್ಜಲ ಮರುಪೂರಣಕ್ಕೆಂದು ಉದ್ದೇಶಿಸಿದ್ದು, ನೇರ ನೀರಾವರಿಗೆ ಅಲ್ಲ. ಅಂಥ ಕೆರೆಯಲ್ಲಿ ತೂಬಿನ ಲೆಕ್ಕ ಬೇರೆ. ವರ್ಷವಿಡೀ ನೀರು ನಿಂತು ಏರಿ ಒಣಗುವುದೇ ಇಲ್ಲ, ದುರಸ್ತಿಗೆ ಬಿಡುವು ಸಿಗುವುದಿಲ್ಲ, ಆದ್ದರಿಂದ ಕಾವಲು ಮಳೆಗಾಲಕ್ಕೆ ಮಾತ್ರ ಅಲ್ಲ, ಹನ್ನೆರಡು ತಿಂಗಳೂ ಬೇಕು.

---

ಕಡತದ_ಧೂಳು ಬರೆದದ್ದು:

ಮೇಲಿನವರಿಬ್ಬರೂ ಹೇಳಿದ್ದು ಸರಿ. ಆದರೆ ಅಧ್ಯಕ್ಷರೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೆರೆಗೆ ಮಳೆನೀರು ತರುವ ರಾಜಕಾಲುವೆ ಒತ್ತುವರಿಯಾದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಸರ್ವೆ ಮಾಡಿಸಿ, ಗಡಿ ಕಲ್ಲು ನೆಡಿಸುವುದು ನೀರಗಂಟಿಯ ಕೈಯಲ್ಲಾಗುವ ಕೆಲಸವಲ್ಲ. ಒತ್ತುವರಿ ಮಾಡಿದವರು ಊರಿನ ಬಲಾಢ್ಯರಾಗಿರುತ್ತಾರೆ. ಒಬ್ಬ ಬಡವನನ್ನು ಅವರ ಎದುರು ನಿಲ್ಲಿಸಿ ಪ್ರಕೃತಿ ಪಾಲಕ ಎಂದು ಹೆಸರಿಟ್ಟರೆ ಅದು ಅನ್ಯಾಯ. ಅಲ್ಲಿ ಮೊಹರು, ಲೆಟರ್‌ಹೆಡ್ಡು, ಗ್ರಾಮಸಭೆಯ ನಿರ್ಣಯ ಬೇಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಸಣ್ಣವು ಪಂಚಾಯತಿಗೆ. ನಿಮ್ಮದು 60 ಎಕರೆ, 24 ಹೆಕ್ಟೇರು, ಹಾಗಾಗಿ ನಿಮಗೆ ಪಂಚಾಯತಿ ಬಾಗಿಲೇ ಗತಿ.

ನನ್ನ ಸಲಹೆ: ಕೆಲಸ ಎರಡಾಗಿ ಸೀಳಿ. ಕೆರೆಯ ಹೊರಗಿನ ವ್ಯವಹಾರ, ಅಂದರೆ ಅರ್ಜಿ, ಸರ್ವೆ, ಹಣಕಾಸು, ಹರಾಜು, ಇದು ಪದಾಧಿಕಾರಿಗಳಿಗೆ. ನೀರು, ತೂಬು, ಕೋಡಿ, ಏರಿ, ಕಾಲುವೆ ನೀರಗಂಟಿಗಳಿಗೆ. ಪದಾಧಿಕಾರಿಗಳು ತೂಬಿನ ಹಿಡಿ ಮುಟ್ಟಕೂಡದು, ನೀರಗಂಟಿಗಳು ದುಡ್ಡು ಮುಟ್ಟಕೂಡದು. ಇದನ್ನು ಸಂಘದ ನಿಯಮಾವಳಿಯಲ್ಲಿ ಸೇರಿಸಿ, ಗ್ರಾಮಸಭೆಯ ನಡಾವಳಿಯಲ್ಲೂ ಬರೆಸಿ. ಬಾಯಿಮಾತಾಗಿ ಬಿಟ್ಟರೆ ಮುಂದಿನ ಚುನಾವಣೆಗೆ ಅಳಿಸಿಹೋಗುತ್ತದೆ.

---

ಶಾಸನದ_ದಾರಿ ಬರೆದದ್ದು:

ನೀರಗಂಟಿ ಪದ್ಧತಿಯನ್ನು ಹಾಗೇ ಮರಳಿ ತರುತ್ತೇವೆ ಎನ್ನುವವರಿಗೆ ಒಂದು ಮಾತು. ಆ ಪದ್ಧತಿಯ ಬಲ ಏನು, ಪಾಪ ಏನು ಎಂದು ಬೇರೆ ಬೇರೆ ಮಾಡಿ ನೋಡಬೇಕು.

ಬಲ: ನೀರಗಂಟಿಗೆ ಅನೇಕ ಕಡೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯ ಲಾಭ ಇರಲಿಲ್ಲ, ಹಾಗಾಗಿ ನೀರನ್ನು ತನ್ನ ಕಡೆ ತಿರುಗಿಸಿಕೊಳ್ಳುವ ಪ್ರಶ್ನೆ ಬರುತ್ತಿರಲಿಲ್ಲ. ಕೂಲಿ ಕೊಡುತ್ತಿದ್ದದ್ದು ಒಬ್ಬ ಯಜಮಾನನಲ್ಲ, ಅಚ್ಚುಕಟ್ಟಿನ ಎಲ್ಲರೂ ಕಣದಲ್ಲಿ ಆಯ (ಬೆಳೆಯಲ್ಲಿ ಪಾಲು) ಕೊಡುತ್ತಿದ್ದರು. ಜೊತೆಗೆ ಸೇವೆಗೆಂದು ಬಿಟ್ಟುಕೊಟ್ಟ ಇನಾಂ ಭೂಮಿ ಇರುತ್ತಿತ್ತು. ಈ ಇನಾಂ ಬಹಳ ಮುಖ್ಯ: ಬರಗಾಲದಲ್ಲಿ ಬೆಳೆ ಇಲ್ಲದೆ ಆಯ ಬರದಿದ್ದರೂ ಅವರ ಮನೆ ನಡೆಯಬೇಕಿತ್ತು, ಏಕೆಂದರೆ ಕೆರೆ ಒಣಗಿದ ವರ್ಷದಲ್ಲೇ ಏರಿ, ಕಾಲುವೆಯ ಕೆಲಸ ಜಾಸ್ತಿ.

ಪಾಪ: ಕೆಲಸ ವಂಶಪಾರಂಪರ್ಯ. ಬಹುಪಾಲು ದಲಿತ ಕುಟುಂಬಗಳಿಗೆ ಕಟ್ಟಿಹಾಕಿದ್ದು. ಎಲ್ಲರ ಗದ್ದೆಗೆ ನೀರು ಹಾಯಿಸಿದವರಿಗೆ ಊರಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ. ಸಿಗುತ್ತಿದ್ದದ್ದು ಹೊಟ್ಟೆಗೆ ಸಾಲದಷ್ಟು. 1961ರ ಗ್ರಾಮ ಅಧಿಕಾರಗಳ ರದ್ದತಿ ಕಾನೂನು 1963ರ ಫೆಬ್ರವರಿಯಿಂದ ಜಾರಿಗೆ ಬಂದು ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರಗಂಟಿಯಂಥ ಕೆಳಹಂತದ ಹುದ್ದೆಗಳ ವಂಶಪಾರಂಪರ್ಯವನ್ನೂ ಕೊನೆಗೊಳಿಸಿತು. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ಹುದ್ದೆ ಹೋದ ಜಾಗದಲ್ಲಿ ಆ ಕೆಲಸ ಮಾಡುವ ಬೇರೆ ಯಾರನ್ನೂ ಇಡಲಿಲ್ಲ. ಕೆರೆಗಳ ಉಸ್ತುವಾರಿ ಇಲಾಖೆಗಳಿಗೆ ಹೋಯಿತು, ದಿನಾ ಬೆಳಗ್ಗೆ ಏರಿ ಮೇಲೆ ನಡೆಯುವವರು ಇಲ್ಲವಾದರು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನೆ ಬಂದಾಗ ಕೆರೆ ಬಳಕೆದಾರರ ಸಂಘಗಳೇನೋ ಹುಟ್ಟಿದವು, ಆದರೆ ಯೋಜನೆಯ ಹಣ ನಿಂತ ಮೇಲೆ ಅನೇಕ ಸಂಘಗಳು ಫಲಕದಲ್ಲಷ್ಟೇ ಉಳಿದವು.

ಆದ್ದರಿಂದ ಮರಳಿ ತರುವುದಾದರೆ ಬಲವನ್ನು ಮಾತ್ರ ತನ್ನಿ. ಜಾತಿ ನೋಡಿ ಕರೆಯಬೇಡಿ, ಹಿಂದೆ ನೀರಗಂಟಿಯಾಗಿದ್ದ ಮನೆಯವರು ಬೇಡ ಎಂದರೆ ಅದು ಅವರ ಹಕ್ಕು. ಬರುತ್ತೇನೆ ಎಂದರೆ ಅವರಿಗೆ ಗೊತ್ತಿರುವ ಕಾಲುವೆಯ ಏರುಪೇರು, ಸೋರುವ ಜಾಗಗಳ ತಿಳಿವಳಿಕೆಗೆ ತಕ್ಕ ಕೂಲಿ ಕೊಡಿ. ಎರಡು ವರ್ಷದ ಅವಧಿ, ಲಿಖಿತ ಕರಾರು, ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ಹಣ. ಹೆಣ್ಣುಮಕ್ಕಳೂ ಇರಲಿ.

ಮಧ್ಯಯುಗದ ಶಾಸನಗಳಲ್ಲಿ ಬಿಟ್ಟುವಟ್ಟ ಎಂಬುದು ಮತ್ತೆ ಮತ್ತೆ ಬರುತ್ತದೆ. ಕೆರೆಯ ಕೆಳಗಿನ ಭೂಮಿಯ ಆದಾಯದಲ್ಲಿ ಒಂದು ಭಾಗವನ್ನು ಆ ಕೆರೆಯ ಕೆಲಸಕ್ಕೇ ಎಂದು ಕಟ್ಟುಮಾಡಿದ್ದು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಸೋರುವುದು, ನೀರು ಕಡಿಮೆಯಿದ್ದು ಭೂಮಿ ಹೆಚ್ಚಿರುವುದು ಆ ದೋಷಗಳಲ್ಲಿ ಸೇರಿವೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ! ಇವತ್ತಿನ ಕೆರೆಗಳಲ್ಲಿ ಏರಿ ಒಬ್ಬರ ಸುಪರ್ದಿ, ಅಂಗಳ ಇನ್ನೊಬ್ಬರದು, ಮೀನು ಮತ್ತೊಬ್ಬರದು. ಒಂದೇ ಕೆರೆಯೊಳಗೆ ನಾವು ಆ ಗಡಿಗಳನ್ನು ಎಳೆದಿದ್ದೇವೆ. ಕಡತದ ಧೂಳು ಅವರು ಕೆಲಸ ಎರಡಾಗಿ ಸೀಳಿ ಎಂದಾಗ ನನಗಿರುವ ಅನುಮಾನವೂ ಇದೇ. ಸೀಳಬಹುದು, ಆದರೆ ತಿಂಗಳಿಗೊಮ್ಮೆ ಎರಡೂ ಕಡೆಯವರು ಏರಿ ಮೇಲೇ ಸೇರಬೇಕು, ಪಂಚಾಯತಿ ಕಟ್ಟಡದಲ್ಲಿ ಅಲ್ಲ.

---

ಅಚ್ಚುಕಟ್ಟು_ಕೋಲಾರ ಬರೆದದ್ದು:

ಬಹಳ ಉಪಯೋಗವಾಯ್ತು. ನಮ್ಮದು ಕೆ.ಸಿ. ವ್ಯಾಲಿ ಸಾಲಿನಲ್ಲಿಲ್ಲ, ಮಳೆ ನೀರೇ. ತೂಬುಕಲ್ಲು ಸರ್, ಗಂಟೆ ಲೆಕ್ಕ ಬರೀತೀನಿ ಅಂದಿದ್ರಿ. ಜೊತೆಗೆ ಹಣದ ವಿಚಾರ, ಹೂಳಿನ ವಿಚಾರವೂ ಯಾರಾದರೂ ಹೇಳಿ. ಊರಿನ ಅರ್ಧ ಜನಕ್ಕೆ ಬೋರ್‌ವೆಲ್ ಇದೆ, ಅವರು ಕೆರೆಗೆ ದುಡ್ಡು ಯಾಕೆ ಕೊಡಬೇಕು ಅಂತಾರೆ.

---

ಗೋಡುಮಣ್ಣು ಬರೆದದ್ದು:

ಹೂಳು ಮಾತ್ರ ನಾನು ಹೇಳುತ್ತೇನೆ.

ಹೂಳು ಎತ್ತುವುದನ್ನು ಗುತ್ತಿಗೆಗೆ ಕೊಟ್ಟರೆ ಯಂತ್ರ ಸುಲಭವಾಗಿ ಇಳಿಯುವ ಜಾಗದಲ್ಲಿ ದೊಡ್ಡ ಗುಂಡಿ ಬೀಳುತ್ತದೆ, ಉಳಿದ ಕಡೆ ಹೂಳು ಹಾಗೇ ಇರುತ್ತದೆ. ಅಲ್ಲಿ ಮಕ್ಕಳು, ದನ ಮುಳುಗುತ್ತವೆ. ಗದ್ದೆಗೆ ಗೋಡು (ಕೆರೆಯ ಹೂಳುಮಣ್ಣು) ಬೇಕಾದ ರೈತರೇ ಹೊಡೆದುಕೊಳ್ಳುವ ಕ್ರಮ ಒಳ್ಳೆಯದು, ಆದರೆ ಎಲ್ಲಿ, ಎಷ್ಟು ಆಳ ಎಂದು ಸುಣ್ಣದ ಗೆರೆ ಹಾಕಿ ತೋರಿಸುವವರು ನೀರಗಂಟಿಗಳಾಗಿರಬೇಕು. ಏರಿಯ ಬುಡದಿಂದ 15 ಮೀಟರ್ ಒಳಗೆ ಗುದ್ದಲಿ ಹಾಕಬಾರದು. ಕಪ್ಪು ಗೋಡು ಮುಗಿದು ಗರಸು ಕಾಣಿಸಿದರೆ ಅಲ್ಲಿಗೆ ನಿಲ್ಲಿಸಿ. ಅದರ ಕೆಳಗೆ ಹೋದರೆ ಕೆರೆಯ ತಳ ಸೋರುತ್ತದೆ. ನೀರು ಇಂಗಿದರೆ ಒಳ್ಳೆಯದೇ ಅಲ್ಲವೇ ಎನ್ನುವವರಿದ್ದಾರೆ. ತೂಬಿನಲ್ಲಿ ನೀರು ಬೇಕಾದ ಕೆರೆಗೆ ಅದು ಒಳ್ಳೆಯದಲ್ಲ. ರಾಜಕಾಲುವೆ ಕೆರೆಗೆ ಸೇರುವ ಕಡೆ ಒಂದು ಗುಂಡಿ ತೋಡಿ ಕಲ್ಲು ಕಟ್ಟಿಸಿದರೆ ಹೂಳಿನ ದೊಡ್ಡ ಪಾಲು ಅಲ್ಲೇ ನಿಲ್ಲುತ್ತದೆ, ವರ್ಷಕ್ಕೊಮ್ಮೆ ಅದನ್ನಷ್ಟೇ ಎತ್ತಬಹುದು.

ಹೊಲಕ್ಕೆ ಎಕರೆಗೆ 20ರಿಂದ 25 ಟ್ರೈಲರ್ ಸಾಕು. ಒಂದು ಟ್ರೈಲರಿಗೆ ನೂರು ಘನ ಅಡಿ ಲೆಕ್ಕ ಹಿಡಿದರೆ ಎರಡು ಸೆಂ.ಮೀ.ಗಿಂತ ಕಡಿಮೆ ದಪ್ಪ ಹರಡುತ್ತದೆ. ಕೆಂಪು ಮಣ್ಣಿನ ಹೊಲಕ್ಕೆ ಇದು ತೇವ ಹಿಡಿಯುವ ಶಕ್ತಿ ಕೊಡುತ್ತದೆ. ಜವಳು ಹೊಲಕ್ಕೆ ಗೋಡು ಹಾಕಬೇಡಿ. ಚರಂಡಿ ನೀರು ಸೇರುವ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಯಾವ ಹೊಲಕ್ಕೂ ಹಾಕಬೇಡಿ.

---

ತೂಬುಕಲ್ಲು ಬರೆದದ್ದು:

ಗಂಟೆ ಲೆಕ್ಕ. ತೂಬಿನ ಕೆಳಗೆ ನೇರವಾಗಿರುವ 10 ಮೀಟರ್ ಕಾಲುವೆ ಆರಿಸಿ. ಒಂದು ಒಣ ಎಲೆ ಬಿಟ್ಟು ಎಷ್ಟು ಸೆಕೆಂಡಿಗೆ ಆ ತುದಿ ಮುಟ್ಟುತ್ತದೆ ನೋಡಿ. ಕಾಲುವೆ 40 ಸೆಂ.ಮೀ. ಅಗಲ, ನೀರು 15 ಸೆಂ.ಮೀ. ಆಳ, ಎಲೆ 33 ಸೆಕೆಂಡಿಗೆ ಬಂದರೆ ವೇಗ ಸೆಕೆಂಡಿಗೆ 0.3 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಬೇಗ ಹೋಗುವುದರಿಂದ 0.85ರಿಂದ ಗುಣಿಸಿ. 0.40 × 0.15 × 0.3 × 0.85 ಎಂದರೆ ಸೆಕೆಂಡಿಗೆ ಸುಮಾರು 15 ಲೀಟರ್, ಗಂಟೆಗೆ 54 ಘನ ಮೀಟರ್. ರಾಗಿಗೆ ಒಂದು ಸಲ 5 ಸೆಂ.ಮೀ. ನೀರು ಕೊಡಲು ಎಕರೆಗೆ 200 ಘನ ಮೀಟರ್ ಬೇಕು, ಕಾಲುವೆ ನಷ್ಟ ಸೇರಿ 270. ಹಾಗಾಗಿ ಎಕರೆಗೆ ಐದು ಗಂಟೆ. 20 ಎಕರೆಗೆ ನೂರು ಗಂಟೆ. ಹಗಲು 12 ಗಂಟೆ ಬಿಟ್ಟರೆ ಎಂಟೊಂಬತ್ತು ದಿನಕ್ಕೆ ಒಂದು ಸುತ್ತು. ಹನ್ನೆರಡು ದಿನಕ್ಕೊಂದು ಸುತ್ತಿನಂತೆ ಒಂಬತ್ತು ಸುತ್ತು. ಮಧ್ಯದ ಮೂರು ದಿನ ತೂಬು ಮುಚ್ಚಿರುತ್ತದೆ, ಕಾಲುವೆ ತೇಪೆ ಹಾಕುವುದಕ್ಕೆ ಆ ದಿನಗಳು. ಕೆರೆ ಇಳಿದಂತೆ ತೂಬಿನ ರಭಸ ಕಡಿಮೆಯಾಗುತ್ತದೆ, ಆದ್ದರಿಂದ ಪ್ರತಿ ಸುತ್ತಿನ ಮೊದಲ ದಿನ ಎಲೆ ಬಿಟ್ಟು ಮತ್ತೆ ಅಳೆದು ಗಂಟೆ ಬದಲಿಸಬೇಕು. ಇದನ್ನು ಮರೆತರೆ ಕೊನೆಯ ಸುತ್ತುಗಳಲ್ಲಿ ಬೆಳೆ ಒಣಗುತ್ತದೆ.

ರಾತ್ರಿ ನೀರು ಬಿಡಬೇಡಿ. ಕದ್ದು ತಿರುಗಿಸಿಕೊಳ್ಳುವುದೆಲ್ಲ ಆಗಲೇ.

ಯಾರನ್ನು ಇಡಬೇಕು? ಮೂವರು. ತೂಬಿನ ಹತ್ತಿರದ ಗದ್ದೆಯವರೊಬ್ಬರು, ಕೊನೆಗದ್ದೆಯವರೊಬ್ಬರು, ಅಚ್ಚುಕಟ್ಟಿನಲ್ಲಿ ಭೂಮಿ ಇಲ್ಲದವರೊಬ್ಬರು. ಹಿಡಿಯ ಬೀಗ ಮೂರನೆಯವರ ಹತ್ತಿರ. ಕೊನೆಗದ್ದೆಯವರು ಬರೆದ ಪುಸ್ತಕವನ್ನು ತೂಬಿನ ಹತ್ತಿರದವರು ನೋಡಿ ಸಹಿ ಮಾಡುವುದು. ತಪ್ಪು ಮಾಡಿದವರಿಗೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಒಂದು ಸರದಿ ಕಟ್, ಮೂರನೇ ಸಲ ಎರಡು ಸರದಿಯ ಜೊತೆಗೆ ದಂಡ. ಮೊದಲ ತಪ್ಪಿಗೇ ಭಾರಿ ದಂಡ ಹಾಕಿದರೆ ಯಾರೂ ಕಟ್ಟುವುದಿಲ್ಲ, ಆಮೇಲೆ ನಿಯಮಕ್ಕೇ ಬೆಲೆ ಇರುವುದಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಅವರು ನಾನಾ ದೇಶಗಳ ನೀರಾವರಿ, ಕಾಡು, ಮೀನುಗಾರಿಕೆಗಳನ್ನು ಹೋಲಿಸಿ ಕಂಡುಕೊಂಡ ಅಂಶಗಳಲ್ಲಿ ಇವೂ ಇವೆ: ದಂಡನೆ ಹಂತಹಂತವಾಗಿ ಏರಬೇಕು, ಕಾವಲಿನವರು ಬಳಕೆದಾರರಿಗೇ ಉತ್ತರ ಹೇಳುವಂತಿರಬೇಕು.

ಹಣ. ಉದ್ಯೋಗ ಖಾತ್ರಿಯಲ್ಲಿ ಹೂಳು, ಕಾಲುವೆಯ ಕೂಲಿ ತೆಗೆಯಬಹುದು. ದಿನನಿತ್ಯದ ಕಾವಲಿಗೆ ಅದು ಆಗುವುದಿಲ್ಲ. ಮೂರು ಮೂಲಗಳನ್ನು ಕೂಡಿಸಿ: ಅಚ್ಚುಕಟ್ಟಿನ ಎಕರೆವಾರು ವಂತಿಗೆ, ಮೀನು ಹರಾಜಿನಲ್ಲಿ ಪಂಚಾಯತಿ ಒಪ್ಪಿದ ಪಾಲು, ಬೋರ್‌ವೆಲ್‌ನವರ ವಂತಿಗೆ. ಬೋರ್‌ವೆಲ್‌ನವರಿಗೆ ವಾದದಿಂದ ಒಪ್ಪಿಸಲು ಹೋಗಬೇಡಿ. ಏರಿಯ ಕೆಳಗಿನ ನಾಲ್ಕು, ದೂರದ ನಾಲ್ಕು ಬಾವಿ ಅಥವಾ ಬೋರ್‌ಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗಕ್ಕೆ ತೂಕ ಕಟ್ಟಿ ಅಳೆದು, ಕೆರೆಯ ಮಟ್ಟದ ಪಕ್ಕದಲ್ಲೇ ಬರೆಯುತ್ತಾ ಹೋಗಿ. ಅಳೆಯುವ ಮುನ್ನ ಮೋಟರ್ ಒಂದು ರಾತ್ರಿ ನಿಂತಿರಬೇಕು. ಎರಡು ಮಳೆಗಾಲದ ಅಂಕಿ ಗೋಡೆ ಮೇಲೆ ಇದ್ದರೆ ಯಾರ ಬೋರ್ ಕೆರೆಯಿಂದ ಬದುಕಿದೆ ಎಂದು ಅವರೇ ಓದಿಕೊಳ್ಳುತ್ತಾರೆ. ಬಂದ ಹಣದಲ್ಲಿ ಒಂದು ವರ್ಷದ ಕೂಲಿಯಷ್ಟನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಡಿ. ಶಾಸನದ ದಾರಿ ಅವರು ಹೇಳಿದ ಇನಾಂ ಭೂಮಿಯ ಕೆಲಸವನ್ನು ಬರ ಬಂದ ವರ್ಷ ಆ ಠೇವಣಿ ಮಾಡುತ್ತದೆ.

---

ಅಚ್ಚುಕಟ್ಟು_ಕೋಲಾರ ಬರೆದದ್ದು:

ಕೊನೆಯದಾಗಿ ಒಂದು. ಅಳತೆಗಲ್ಲು ಎಲ್ಲಿ ನೆಡಬೇಕು, ಸೊನ್ನೆ ಎಲ್ಲಿಂದ? ಈಗ ಕೆರೆ ಒಣಗಿದೆ, ಈ ತಿಂಗಳೇ ಮಾಡಬಹುದು.

---

ಏರಿ_ಕಾವಲು ಬರೆದದ್ದು:

ಸೊನ್ನೆ ತೂಬಿನ ಕಂಡಿಯ ತಳಕ್ಕೆ. ಅಂಗಳದ ನೆಲಕ್ಕೆ ಸೊನ್ನೆ ಇಟ್ಟರೆ ಹೂಳು ತುಂಬಿದಂತೆ ಅರ್ಥ ಬದಲಾಗುತ್ತದೆ. ತೂಬಿನ ಕಟ್ಟಡ ಗಟ್ಟಿಯಿದ್ದರೆ ಅದರ ಮುಖದ ಮೇಲೇ 10 ಸೆಂ.ಮೀ.ಗೊಂದು ಗೆರೆ, ಅರ್ಧ ಮೀಟರಿಗೆ ಅಂಕಿ, ಎನಾಮೆಲ್ ಬಣ್ಣದಲ್ಲಿ, ಏರಿ ಮೇಲೆ ನಿಂತವರಿಗೆ ಓದುವಷ್ಟು ದಪ್ಪಗೆ. ಕಂಬ ನೆಡುವುದಾದರೆ ಕಾಂಕ್ರೀಟ್ ಬುಡ ಎರಡು ಅಡಿ ಆಳಕ್ಕೆ ಹೋಗಲಿ, ತೂಬಿನ ಬಾಯಿಯಿಂದ ಎರಡು ಮೀಟರ್ ಪಕ್ಕಕ್ಕೆ. ಎದುರಿಗೇ ನೆಟ್ಟರೆ ಕಸ ಸಿಕ್ಕಿಕೊಳ್ಳುತ್ತದೆ. ಕೋಡಿಯ ಹಾಸುಗಲ್ಲಿನ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಕಂಬಕ್ಕೆ ತಂದು ಕೆಂಪು ಗೆರೆ ಎಳೆಯಿರಿ. ಕಂಬ ವಾಲಿದರೂ, ಯಾರಾದರೂ ಅಲುಗಿಸಿದರೂ ಕೋಡಿ ಕಲ್ಲಿನಿಂದ ಮತ್ತೆ ಅಳೆದು ಸರಿಮಾಡಬಹುದು. ನೀವು ಎತ್ತಿಡುವ 20,000 ಘನ ಮೀಟರಿಗೆ ಒಂದು ನೀಲಿ ಗೆರೆ ಬೇಕು: ತೂಬುಕಲ್ಲು ಅವರ ಸೂತ್ರದ ಪ್ರಕಾರ ಅದು ಸುಮಾರು ಒಂದೂವರೆ ಮೀಟರಿನ ಹತ್ತಿರ ಬರುತ್ತದೆ. ನೀರು ಅಲ್ಲಿಗೆ ಇಳಿದ ದಿನ ತೂಬಿಗೆ ಬೀಗ. ಆಗ ಒಂದು ಸುತ್ತು ಬಾಕಿ ಇದ್ದರೂ ಎತ್ತುವಂತಿಲ್ಲ ಎಂದು ಈಗಲೇ, ಕೆರೆ ಒಣಗಿರುವಾಗಲೇ, ಎಲ್ಲರ ಸಹಿ ಹಾಕಿಸಿ.